ಮಲಗಿದ ಗೆರೆಗೆ ಜಹಾಂಗೀರು

ಭದ್ರಾವತಿಯ ನ್ಯೂ ಟೌನಿನಲ್ಲಿ ಷಡಕ್ಷರಪ್ಪ ಮೇಷ್ಟ್ರ ಕೈಗೆ ಸಿಕ್ಕವರಿಗೆ ಸರಳರೇಖೆ ಕಲಿಯದೆ ಬಿಡುಗಡೆಯಿರಲಿಲ್ಲ. ಹೈಸ್ಕೂಲಿನ ಲೆಕ್ಕದ ಪಾಠ ಕರಿಹಲಗೆಯ ಮೇಲೆ ನಡೆದದ್ದು ಕಡಿಮೆ, ಶಾಲೆಯ ಹಿಂದಿನ ನಲ್ಲಿಯ ಹತ್ತಿರ ನಡೆದದ್ದೇ ಹೆಚ್ಚು. ಎರಡು ಕೊಡ ನೀರಿರುವ ಡ್ರಮ್ಮನ್ನು ನಲ್ಲಿಯ ಕೆಳಗಿಡಿಸಿ, ವಾಚು ನೋಡುತ್ತ ನಿಲ್ಲುತ್ತಿದ್ದರು. ನಿಮಿಷಕ್ಕೊಮ್ಮೆ ನೀರಿನ ಮಟ್ಟವನ್ನು ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿಸಿ ಗೆರೆ ಎಳೆಸುತ್ತಿದ್ದರು: ನೀರು ಏರಿದರೆ ಗೆರೆ ಏರುತ್ತದೆ, ನಲ್ಲಿ ನಿಂತರೆ ಗೆರೆ ಮಲಗುತ್ತದೆ.

“ಶುರುವಿಗೆ ಎಷ್ಟಿತ್ತು? ನಿಮಿಷಕ್ಕೆ ಎಷ್ಟು ಏರ್ತು? ಇವೆರಡು ಗೊತ್ತಿದ್ರೆ ಡ್ರಮ್ಮು ಯಾವಾಗ ತುಂಬುತ್ತೆ ಅಂತ ಮನೇಲಿ ಕೂತೇ ಹೇಳ್ಬೋದು ಕಣ್ರೋ!”

ಅವರಿಂದ ಅತಿ ಹೆಚ್ಚು ಬೈಸಿಕೊಂಡ ವಿದ್ಯಾರ್ಥಿನಿ, ಸುಪ್ರಿಯಾ ಎಂಬ ನಾನು. ಬೈದ ದಿನ ತಪ್ಪದೆ ಮನೆಗೆ ಕರೆದು, ಹೆಂಡತಿ ಜಗದಾಂಬಮ್ಮನವರಿಂದ ಅವಲಕ್ಕಿ ಕೊಡಿಸಿ, ಅದೇ ಲೆಕ್ಕವನ್ನು ಮತ್ತೆ ಹೇಳಿಕೊಡುತ್ತಿದ್ದರು. ಅಂಥವರ ಮೇಲೆ ಸಿಟ್ಟು ಇಟ್ಟುಕೊಳ್ಳುವುದಾದರೂ ಹೇಗೆ?

1998ರ ಹೊತ್ತಿಗೆ ನಾನು ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸಾಗಿದ್ದೆ. ಮೇಷ್ಟ್ರ ಮಗಳು ಪ್ರಿಯದರ್ಶಿನಿಗೆ ಅಲ್ಲೇ, ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಮಗು, ತೂಕ ಸಾವಿರದ ಎಂಟುನೂರು ಗ್ರಾಂ. ಮಾರನೆಯ ದಿನ ತೂಗಿದರೆ ಐವತ್ತು ಗ್ರಾಂ ಕಡಿಮೆ. ಅದರ ಮಾರನೆಯ ದಿನ ಇನ್ನೂ ಐವತ್ತು.

ಹುಟ್ಟಿದ ಮಕ್ಕಳು ಮೊದಲು ಸ್ವಲ್ಪ ಇಳಿಯುತ್ತವೆ, ಆಮೇಲೆ ಏರುತ್ತವೆ ಎಂದು ಡಾಕ್ಟರು ಸಮಾಧಾನ ಹೇಳಿದ್ದರು. ಮೇಷ್ಟ್ರ ತಲೆಗೆ ಹೋಗಬೇಕಲ್ಲ! ವರಾಂಡದ ಬೆಂಚಿನಿಂದ ನನ್ನನ್ನು ಕರೆದರು.

“ಮೂವತ್ನಾಲ್ಕು ದಿನ ಕಣಮ್ಮ.”

“ಏನ್ ಸಾರ್ ಮೂವತ್ನಾಲ್ಕು?”

“ದಿನಕ್ಕೆ ಐವತ್ತರಂಗೆ ಇಳಿದ್ರೆ… ಸೊನ್ನೆ ಮುಟ್ಟೋಕೆ.”

ನನಗೆ ಕೋಪ ಬಂತು. “ಮಗು ಏನು ಡ್ರಮ್ಮಾ ಸಾರ್? ಎರಡು ದಿನ ಇಳೀತು ಅಂತ ಇಳೀತಾನೇ ಇರುತ್ತಾ?” ಎಂದು ಅವರನ್ನೇ ಗದರಿಬಿಟ್ಟೆ.

“ಗೊತ್ತು ಕಣಮ್ಮ. ಆದ್ರೆ ತಲೇಲಿ ಗೆರೆ ತಾನಾಗೇ ಮುಂದಕ್ಕೆ ಹೋಗ್ತಿದೆ. ನಿಲ್ಸೋಕೆ ಆಗ್ತಿಲ್ಲ,” ಎಂದು ಕಣ್ಣೊರೆಸಿಕೊಂಡರು. ನಮ್ಮೆಲ್ಲರನ್ನೂ ಹೆದರಿಸಿದ್ದ ಮನುಷ್ಯ ಹಾಗೆ ಕುಗ್ಗಿ ಕೂತಿದ್ದನ್ನು ನೋಡಲಾಗದೆ ನಾನು ಒಳಗೆ ಹೋದೆ.

ಮೂರನೆಯ ಬೆಳಿಗ್ಗೆ ಮಗುವನ್ನು ತಕ್ಕಡಿಯ ಮೇಲೆ ಮಲಗಿಸಿದೆ. ಮುಳ್ಳು ಸಾವಿರದ ಏಳುನೂರಕ್ಕೇ ನಿಂತಿತು. ಬಾಗಿಲಿನಿಂದಲೇ ಮೇಷ್ಟ್ರು, “ಇನ್ನೊಂದ್ಸಲ ತೂಗು,” ಎಂದರು. ತೂಗಿದೆ. ಅಷ್ಟೇ.

ಅವರು ಹೆಂಡತಿಯ ಕಡೆಗೆ ಓಡಿದರು. ಜಗದಾಂಬಮ್ಮನವರಿಗೆ ತಲೆಬುಡ ಅರ್ಥವಾಗಲಿಲ್ಲ.

“ಒಂದು ಗ್ರಾಮೂ ಏರಿಲ್ಲ, ಅದಕ್ಯಾಕ್ರೀ ಈ ಕುಣಿತ?”

“ಇಳಿದಿಲ್ವಲ್ಲೇ ಮಾರಾಯ್ತಿ! ನಿನ್ನೆಗೂ ಇವತ್ತಿಗೂ ಬದಲಾವಣೆ ಸೊನ್ನೆ! ಗೆರೆ ಮಲಗಿದೆ, ಮಟ್ಟಸವಾಗಿ ಮಲಗಿದೆ!”

ಅರ್ಧ ಗಂಟೆಯಲ್ಲಿ ಜಹಾಂಗೀರಿನ ಪೊಟ್ಟಣ ಹಿಡಿದು ಬಂದರು. ಆಯಾ, ವಾಚ್‌ಮನ್, ಪಕ್ಕದ ರೂಮಿನ ಬಾಣಂತಿಯ ಅತ್ತೆ, ಯಾರನ್ನೂ ಬಿಡಲಿಲ್ಲ. ಎಷ್ಟು ಏರಿತು ಎಂದು ಕೇಳಿದವರಿಗೆಲ್ಲ “ಸೊನ್ನೆ” ಎಂದು ಹೆಮ್ಮೆಯಿಂದ ಹೇಳಿದರು. ಕೇಳಿದವರು ಮಿಕಿಮಿಕಿ ನೋಡುತ್ತ ತಿಂದರು.

ನಾಲ್ಕನೆಯ ಬೆಳಿಗ್ಗೆ ಮಗು ಇಪ್ಪತ್ತು ಗ್ರಾಂ ಏರಿತು. ಕುಣಿಯುತ್ತಲೇ ಹೇಳಲು ಹೋದೆ. ಮೇಷ್ಟ್ರು ಬೆಂಚಿನ ಮೇಲೆ ಚಪ್ಪಲಿಯನ್ನೂ ಬಿಡದೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಮಗು ಹುಟ್ಟಿದಂದಿನಿಂದ ಅವರು ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಎಬ್ಬಿಸಲಿಲ್ಲ.