ಎರಡು ಬೆರಳು ಸಡಿಲ

ನನ್ನಣ್ಣನಿಗೆ ರಜೆ ಎಂಬುದೇ ಗೊತ್ತಿರಲಿಲ್ಲ. ಅವನು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಟೈಲರ್. ಚಿಗುರು ಒಡೆಯುವ ಕಾಲಕ್ಕೆ ಊರಿನ ಮಕ್ಕಳಿಗೆಲ್ಲ ರಜೆ ಬಂದರೆ ನಮ್ಮಿಬ್ಬರಿಗೆ ತಲೆ ಎತ್ತಲು ಪುರಸೊತ್ತಿಲ್ಲದ ಕೆಲಸ. ಅವನು ಕತ್ತರಿಸಿ ಹೊಲಿಯುತ್ತಾನೆ, ನಾನು ಕಾಜ ಹಾಕಿ, ಗುಂಡಿ ಕೂರಿಸಿ, ಇಸ್ತ್ರಿ ಮಾಡುತ್ತೇನೆ. ಮೂವತ್ತು ವರ್ಷದಿಂದ ಹೀಗೇ ನಡೆದಿತ್ತು. ಅಂಥವನು ಈ ವರ್ಷ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದ: ‘ಒಂದು ವಾರ ಅಂಗಡಿ ಮುಚ್ಚು. ದೊರೆ ಜೊತೆ ಕೆರೆಗೆ ಹೋಗ್ತೀನಿ.’ ನಾನು ಓದಿ ಹಣೆ ಹಣೆ ಚಚ್ಚಿಕೊಂಡೆ.

ದೊರೆ ಎಂದರೆ ನಮ್ಮ ನಾಯಿ. ಹೆಸರಿಗೆ ತಕ್ಕ ಗತ್ತು. ಹನ್ನೊಂದು ವರ್ಷದಿಂದ ಹೊತ್ತು ಹೊತ್ತಿಗೆ ತಟ್ಟೆ ತುಂಬಿಸುವವಳು ನಾನು, ಅದು ಬಾಲ ಆಡಿಸುವುದು ಮಾತ್ರ ಅಣ್ಣನಿಗೆ. ನಾನು ಕರೆದರೆ ಕಿವಿಯನ್ನೂ ಅಲ್ಲಾಡಿಸುವುದಿಲ್ಲ.

ಅಣ್ಣ ಬರೆದು ಹೇಳುವುದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ಅವನ ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿಯೂ ಉಳಿಯಿತು, ಆದರೆ ಒಡೆದುಹೋಗಿತ್ತು. ಅಂಗಡಿಗೆ ಮರಳಿದ ದಿನ, ಅಳತೆ ಕೊಡಲು ಬಂದ ಒಂದು ಪುಟ್ಟ ಹುಡುಗಿಗೆ ‘ಕೈ ಎತ್ತಮ್ಮ’ ಎಂದ. ಆ ಮಗು ಬೆಚ್ಚಿಬಿದ್ದು ತಾಯಿಯ ಹಿಂದೆ ಅವಿತುಕೊಂಡು ಅಳತೊಡಗಿತು. ಅಷ್ಟೇ, ಅವತ್ತಿನಿಂದ ಬಾಯಿಗೆ ಹೊಲಿಗೆ ಹಾಕಿಕೊಂಡ. ನಾನು ಬೇಡಿಕೊಂಡೆ, ಬೈದೆ, ಎರಡು ದಿನ ಮಾತು ಬಿಟ್ಟೂ ನೋಡಿದೆ. ಮಾತೇ ಆಡದವನ ಹತ್ತಿರ ಮಾತು ಬಿಟ್ಟು ಏನು ಪ್ರಯೋಜನ! ನಾಯಿಯನ್ನೂ ಅವನು ಕೈಸನ್ನೆಯಲ್ಲೇ ಕರೆಯತೊಡಗಿದ.

ಈ ವರ್ಷ ದೊರೆಯ ಕಣ್ಣು ಮಂಜಾಯಿತು. ಪಶುವೈದ್ಯೆ ಟಾರ್ಚ್ ಹಾಕಿ ನೋಡಿ, “ಇನ್ನು ಕೆಲವು ತಿಂಗಳು ನೆರಳು ಬೆಳಕು ಗೊತ್ತಾಗುತ್ತೆ. ಆಮೇಲೆ ನಿಮ್ಮ ದನಿ ಹಿಡ್ಕೊಂಡೇ ಅದು ಓಡಾಡ್ಬೇಕು. ಈಗಿಂದ್ಲೇ ಕರೆದು ರೂಢಿ ಮಾಡಿಸಿ,” ಎಂದರು.

ಮನೆಗೆ ಬಂದವಳೇ ಅಣ್ಣನ ಮೇಲೆ ಹರಿಹಾಯ್ದೆ. “ಕೇಳಿಸ್ತಲ್ಲ? ನನ್ನ ಜೊತೆ ಬೇಡ, ಅದರ ಜೊತೆನಾದ್ರೂ ಮಾತಾಡು.”

ಅವನು ಸೀಮೆಸುಣ್ಣ ಎತ್ತಿಕೊಂಡು ಬರೆದ: ‘ಅದೂ ಹೆದರಿಕೊಂಡರೆ?’

ಅದರ ಕೆಳಗೆ ಬರೆದದ್ದೇ ಆ ಕೆರೆಯ ಮಾತು. ಅಂಗಡಿ ಮುಚ್ಚಿದೆ.

ಹೊರಡುವ ಮುಂಚೆ ಅಣ್ಣ ಉಳಿದ ಖಾಕಿ ಬಟ್ಟೆಯಲ್ಲಿ, ಒಳಗೆ ಮೆತ್ತೆ ಇಟ್ಟು, ನಾಯಿಯ ಎದೆಗೂ ಬೆನ್ನಿಗೂ ಸುತ್ತುವ ಒಂದು ಪಟ್ಟಿ ಹೊಲಿದ. ಅದಕ್ಕೆ ಹಗ್ಗ ಕಟ್ಟಿ ಕೆರೆಗೆ ಕರೆದೊಯ್ದ. ನಾನು ಬುತ್ತಿ ಹೊತ್ತುಕೊಂಡು ಗೊಣಗುತ್ತಾ ಹಿಂದೆ ನಡೆದೆ. ದೊರೆಗೆ ಕಾಣುವಷ್ಟು ದಿನ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಹಟ ಅವನದು. ಹುಲ್ಲಿನಲ್ಲಿ ಬಿಸ್ಕತ್ತು ಬಚ್ಚಿಟ್ಟು ಹುಡುಕಿಸಿದ. ದಡದ ತೆಳು ನೀರಿನಲ್ಲಿ ಅದರ ಜೊತೆ ಪಚಪಚ ಓಡಿದ. ಹಳದಿ ಹೂ ಬಿಟ್ಟ ಮರದಡಿ ಇಬ್ಬರೂ ಅಂಗಾತ ಮಲಗಿದರೆ ಮೂಗಿನ ಮೇಲೆ ಎಸಳು ಬಿದ್ದು ದೊರೆ ಸೀನುತ್ತಿತ್ತು. ಅಣ್ಣ ಸದ್ದಿಲ್ಲದೆ ಹೊಟ್ಟೆ ಕುಲುಕಿಸಿ ನಗುತ್ತಿದ್ದ. ಮೂರನೆಯ ದಿನ ನಾನೂ ಚಪ್ಪಲಿ ಬಿಚ್ಚಿ ನೀರಿಗಿಳಿದೆ. ಯಾರಿಗೂ ಹೇಳಬೇಡಿ ಎಂದು ಕೇಳಿಕೊಳ್ಳುವ ವಯಸ್ಸು ದಾಟಿದೆ, ಹೇಳಿಕೊಳ್ಳಿ.

ಐದನೆಯ ದಿನ ದಾರಿಯಲ್ಲಿ ಯಾರದೋ ಸೈಕಲ್ಲಿನ ಟಯರು ಢಮಾರ್ ಎಂದು ಒಡೆಯಿತು. ದೊರೆ ಹೆದರಿ ಹಿಂದಕ್ಕೆ ಜಗ್ಗಿತು. ಪಟ್ಟಿಯಿಂದ ತಲೆ ನುಸುಳಿತು, ಕಾಲು ನುಸುಳಿತು, ನಾಯಿ ಜೊಂಡಿನೊಳಗೆ ಮಾಯ. ಅಣ್ಣ ಖಾಲಿ ಪಟ್ಟಿಯೊಳಗೆ ಬೆರಳಿಟ್ಟು ನೋಡಿದ. ಸರಿಯಾಗಿ ಎರಡು ಬೆರಳು ಸಡಿಲ. ಮಕ್ಕಳು ಬೆಳೆಯುತ್ತಾರೆಂದು ಜೀವನಪೂರ್ತಿ ಪ್ರತಿ ಅಂಗಿಗೂ ಬಿಟ್ಟ ಎರಡು ಬೆರಳನ್ನು, ಹನ್ನೊಂದು ವರ್ಷದ ಮುದಿ ನಾಯಿಗೂ ಅವನ ಕೈ ತಾನಾಗಿ ಬಿಟ್ಟಿತ್ತು.

ನಾನು ಜೊಂಡಿನ ಸುತ್ತ ಗಂಟಲು ಹರಿಯುವಂತೆ ಕೂಗಿದೆ. ನನ್ನ ಮಾತನ್ನು ಅದು ಯಾವತ್ತು ಕೇಳಿತ್ತು? ಕೊನೆಗೆ ಕಂಡಿತು, ಕೆರೆ ಏರಿಯ ಆ ತುದಿಯಲ್ಲಿ. ಅದರಾಚೆ ನಾಲ್ಕು ಹೆಜ್ಜೆಗೆ ಲಾರಿ ಓಡಾಡುವ ರಸ್ತೆ. ದೊರೆ ತಲೆಯನ್ನು ಅತ್ತ ಇತ್ತ ಆಡಿಸಿ, ಲಾರಿಯ ಸದ್ದು ಬರುವ ಕಡೆಗೇ ಹೆಜ್ಜೆ ಇಡುತ್ತಿತ್ತು. ಅಣ್ಣ ಎರಡೂ ಕೈ ಎತ್ತಿ ಬೀಸಿದ. ಕುಣಿದ. ಅದಕ್ಕೆ ಕಾಣಲಿಲ್ಲ.

“ಕರಿಯೋ ಅಣ್ಣಾ! ನೀನು ಕರೆದ್ರೆ ಮಾತ್ರ ಅದು ಬರೋದು!” ಎಂದು ಕಿರುಚಿದೆ.

ಅವನು ಬಾಯಿ ತೆರೆದ. “ದೊರೇ!”

ದಪ್ಪ ಬಟ್ಟೆಯನ್ನು ಕೈಯಲ್ಲಿ ಹರಿದಂಥ ಸದ್ದು. ದಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ದೊರೆ ನಿಂತಿತು, ಕಿವಿ ನಿಮಿರಿತು, ಆದರೆ ಬರಲಿಲ್ಲ. ಅಣ್ಣನ ಮುಖ ಬಿಳಿಚಿಕೊಂಡಿತು. ಆದರೂ ಮತ್ತೆ ಕೂಗಿದ.

“ಬಾರೋ ದೊರೆ! ನಾನು ಕಣೋ, ನಾನೇ!”

ಅದು ತಿರುಗಿತು. ಎಡವಿ, ಎದ್ದು, ನೆಟ್ಟಗೆ ಆ ದನಿಗೇ ಓಡಿ ಬಂದು, ಮಂಡಿಯೂರಿ ಕೂತ ಅವನ ಮಡಿಲಿಗೆ ಬಿತ್ತು. ಕುತ್ತಿಗೆಗೆ ಮೂತಿ ತೂರಿಸಿ ನೆಕ್ಕಿದ್ದೇ ನೆಕ್ಕಿದ್ದು. ನನ್ನನ್ನು ಕಂಡರೆ ಮುಖ ತಿರುಗಿಸುವ ಆ ನಾಯಿಗೆ ನಾನು ನಿಂತಲ್ಲೇ ಕೈಮುಗಿದೆ. ಎರಡು ಬೆರಳಿನ ಆ ತಪ್ಪಿಗೂ ಕೈಮುಗಿದೆ. ಕಣ್ಣಲ್ಲಿ ನೀರು ನಿಲ್ಲಲಿಲ್ಲ.

“ಏಯ್, ಏನು ಗೊಳೋ ಅಂತ ಅಳ್ತಾ ನಿಂತಿದೀಯಾ? ಪಟ್ಟಿ ಎತ್ಕೊಂಡು ಬಾ, ಬುದ್ಧಿ ಇಲ್ದೋಳೆ!”

ಎರಡು ವರ್ಷದ ಮೇಲೆ ಅಣ್ಣ ನನ್ನ ಜೊತೆ ಆಡಿದ ಮೊದಲ ಮಾತು.

“ಇನ್ನೊಂದ್ಸಲ ಬೈಯಣ್ಣ,” ಎಂದೆ.

ಬೈದ.