ಬೀಗ ಹಾಕಿದ ಮತಗಟ್ಟೆಯಲ್ಲಿ ಕಸಿಲ್ದಾ

ನಮ್ಮ ಬೆಟ್ಟದೂರಿನಲ್ಲಿ ಸ್ವಾತಂತ್ರ್ಯದ ಪಕ್ಷ ಎಂದರೆ ಕಸಿಲ್ದಾ ಒಬ್ಬಳೇ. ಪೋರ್ಟೊ ರಿಕೊ ಅಮೆರಿಕದ ಕೈಯಿಂದ ಬಿಡಿಸಿಕೊಂಡು ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಎಂದು ಹೊಲಿಗೆ ಯಂತ್ರ ತುಳಿಯುತ್ತಲೇ ವಾದಿಸುತ್ತಿದ್ದಳು. ಲಂಗದ ಅಳತೆ ಕೊಡಲು ಹೋದವರು ಭಾಷಣ ಕೇಳಿಸಿಕೊಂಡೇ ಬರಬೇಕು. ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ನನ್ನ ಮಗಳನ್ನು ಎತ್ತಿಕೊಂಡವಳು ಅವಳೇ. ಅಂದಿನಿಂದ ನಾವು ಒಬ್ಬರಿಗೊಬ್ಬರು ‘ಕೊಮಾದ್ರೆ’. ನಾನು ಶಾಲೆ ಮೇಡಂ, ಸರ್ಕಾರದ ಅನ್ನ ತಿನ್ನುವವಳು. ರಾಜಕೀಯದ ಗೊಡವೆಯೇ ನನಗೆ ಬೇಡ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ.

ಅವಳ ಗಂಡ ಸತುರ್ನೀನೊ ಮುನಿಸಿಪಾಲಿಟಿಯ ನೀರುಗಂಟಿ. ಆ ಕೆಲಸ ಕೊಡಿಸಿದವನು ಆಳುವ ಪಕ್ಷದ ಊರ ಮುಖಂಡ ದೊನ್ ಬ್ರೌಲಿಯೊ. ಕೊಟ್ಟ ಕೈಗೆ ಕಿತ್ತುಕೊಳ್ಳುವುದೂ ಗೊತ್ತಿತ್ತು. ೧೯೬೦ರ ಚುನಾವಣೆಗೆ ತನ್ನ ಪಕ್ಷದ ಏಜೆಂಟಾಗಿ ಕೂರುತ್ತೇನೆ ಎಂದು ಕಸಿಲ್ದಾ ಹೇಳಿದ ದಿನ ಸತುರ್ನೀನೊ ಊಟದ ತಟ್ಟೆ ಪಕ್ಕಕ್ಕೆ ತಳ್ಳಿದ.

"ನಿನ್ನ ಹುಚ್ಚು ನಿನಗಿರ್ಲಿ ಮಾರಾಯ್ತಿ. ನನ್ನ ಅನ್ನಕ್ಕೆ ಯಾಕೆ ಮಣ್ಣು ಹಾಕ್ತೀಯ?"

"ನಮಗೇ ಓಟು ಹಾಕಿ ಅಂತ ನಿಮ್ಮನ್ನ ಕೇಳಿದ್ನಾ? ಇರೋದು ನನ್ನದೊಂದು ಓಟು. ಅದನ್ನ ಇಲಿ ತಿನ್ನದ ಹಾಗೆ ಕಾಯೋಕೆ ಹೋಗ್ತಿದೀನಿ."

ಆಗೆಲ್ಲ ನಮ್ಮಲ್ಲಿ ಮತದಾರರನ್ನು ಒಳಗೆ ಕೂಡಿ ಬಾಗಿಲಿಗೆ ಬೀಗ ಜಡಿಯುತ್ತಿದ್ದರು. ಹೆಸರು ಕೂಗಿ ಓಟು ಹಾಕುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ. ಆ ಸಲ ನನ್ನ ತರಗತಿಯದೇ ಕೋಣೆ. ಮಕ್ಕಳ ಬೆಂಚುಗಳ ಮೇಲೆ ತೊಂಬತ್ತೊಂದು ಜನ, ಬೆವರು, ಕೂಸುಗಳ ಅಳು. ಸತುರ್ನೀನೊ ಟೊಪ್ಪಿಯ ಅಂಚು ತಿರುಗಿಸುತ್ತ ನೆಲ ನೋಡುತ್ತಿದ್ದ. ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ಬಂದೆವು. ನನ್ನ ಕೈಯಿಂದ ಪೆನ್ಸಿಲು ಜಾರಿ ಕೆಳಗೆ ಬಿತ್ತು.

ಎಣಿಕೆಯ ಹೊತ್ತಿಗೆ ಎಲ್ಲರೂ ಹೊರಗಿನಿಂದ ಕಿಟಕಿಗೆ ಮುತ್ತಿದೆವು. "ಸ್ವಾತಂತ್ರ್ಯದ ಪಕ್ಷ..." ಎಂದ ಅಧಿಕಾರಿ ಮತ್ತೊಮ್ಮೆ ನೋಡಿಕೊಂಡ. "ಎರಡು."

ಕಸಿಲ್ದಾಳ ಮುಖ ಅರಳಿತು, ಮರುಕ್ಷಣವೇ ಕಪ್ಪಿಟ್ಟಿತು. ಒಂದು ಅವಳದು, ಅದು ಊರಿಗೇ ಗೊತ್ತು. ಇನ್ನೊಂದು?

ದೊನ್ ಬ್ರೌಲಿಯೊ ನಕ್ಕ. "ಏನಯ್ಯಾ ಸತುರ್ನೀನೊ, ಹೆಂಡ್ತಿ ಲಂಗ ಹಿಡ್ಕೊಂಡೇ ಓಟು ಹಾಕಿದ್ಯಾ?"

"ದೇವರಾಣೆ ಧಣೀ, ನಾನಲ್ಲ!"

"ಮತ್ಯಾರು, ನಮ್ಮ ಮೇಡಮ್ಮಾ?" ಎಂದು ನನ್ನ ಕಡೆ ಬೆರಳು ತೋರಿಸಿದ. ಜನ ಗೊಳ್ಳೆಂದರು. ನಾನೂ ನಕ್ಕೆ.

ಆ ರಾತ್ರಿ ನಾನು ಅವರ ಮನೆಗೆ ಹೋದಾಗ ಕಸಿಲ್ದಾ ಹಸಿ ಬಾಳೆಕಾಯಿ ಬೇಯಿಸಿ, ಉಪ್ಪುಮೀನಿನ ಜೊತೆ ಗಂಡನ ಮುಂದಿಟ್ಟಳು. "ನೋಡು ಕೊಮಾದ್ರೆ, ಇಪ್ಪತ್ತು ವರ್ಷಕ್ಕೆ ಒಂದು ಸಲ ನನ್ನ ಮಾತು ಕೇಳಿದಾರೆ" ಎನ್ನುವಾಗ ಅವಳ ಕಣ್ಣಲ್ಲಿ ನೀರು.

"ನಾನಲ್ಲ ಕಣೇ! ಎಷ್ಟು ಸಲ ಬಡ್ಕೊಳ್ಳಲಿ?"

"ಹ್ಞೂಂ, ಹಾಗೇ ಹೇಳ್ತಾ ಇರಿ. ಗೋಡೆಗೂ ಕಿವಿ ಇರ್ತವೆ."

ನಾನು ಕಾಫಿ ಬಟ್ಟಲಿನಿಂದ ಮುಖ ಎತ್ತಲಿಲ್ಲ.

ಮುಂದಿನ ವಾರವೇ ಅವನ ಕೈಯಿಂದ ನೀರಿನ ಕೀಲಿ ಕಿತ್ತುಕೊಂಡರು. ನಲವತ್ತೆಂಟರ ಮನುಷ್ಯ ಬೆಟ್ಟ ಇಳಿದು ಕಬ್ಬು ಕಡಿಯಲು ಹೋದ. ಶನಿವಾರ ಹಿಂದಿರುಗುವಾಗ ಅಂಗೈ ತುಂಬ ಗುಳ್ಳೆ. ಕಸಿಲ್ದಾ ಎಣ್ಣೆ ಹಚ್ಚುತ್ತಿದ್ದಳು. ಅವಳ ಬಾಯಿ ಮುಚ್ಚಿದ್ದನ್ನು ನಾನು ಕಂಡದ್ದು ಆಗ ಮಾತ್ರ. ಹೇಳಿಬಿಡೋಣ ಎಂದು ಎಷ್ಟು ಸಲ ಅವರ ಅಂಗಳದವರೆಗೆ ಹೋದೆನೋ! ಹೊಸಿಲು ದಾಟಿದರೆ ಲಂಗದ ಅಳತೆಯ ಮಾತಾಡಿ ಹಿಂದಿರುಗುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ನಾಲ್ಕು ವರ್ಷದ ಮೇಲೆ ಮತ್ತೆ ಚುನಾವಣೆ ಬಂತು. ಈ ಸಲ ಸತುರ್ನೀನೊ ತಾನೇ ಹೆಂಡತಿಯ ಪಕ್ಷದ ಏಜೆಂಟಾದ. "ಮಾಡದ ತಪ್ಪಿಗೆ ಏಟು ತಿಂದಾಯ್ತು. ಇನ್ನು ಮಾಡಿಯೇ ಬಿಡ್ತೀನಿ" ಎಂದ.

ಎಣಿಕೆಯಲ್ಲಿ ಮೂರು ಬಂತು.

ಒಂದು ಅವಳದು, ಒಂದು ಅವನದು. ಇನ್ನೊಂದು ನನ್ನದು, ಹಿಂದಿನ ಸಲದ ಎರಡನೆಯದೂ ನನ್ನದೇ. ಸತುರ್ನೀನೊ ಮೇಜಿನಿಂದ ಎದ್ದು ನಿಧಾನ ಕಿಟಕಿಯ ಬಳಿ ಬಂದ. ಬಹಳ ಹೊತ್ತು ನನ್ನನ್ನೇ ನೋಡಿದ. ಎಲ್ಲರ ಜೊತೆ ನಗುತ್ತಿದ್ದ ನನ್ನ ನಗು ಮಾಸಿತು. ಅವನ ಬೆನ್ನ ಹಿಂದೆ ದೊನ್ ಬ್ರೌಲಿಯೊ ಕತ್ತು ಚಾಚಿ ಒಬ್ಬೊಬ್ಬರ ಮುಖವನ್ನೂ ಹುಡುಕುತ್ತಿದ್ದ.

"ನಗ್ತಾ ಇರಿ ಮೇಡಂ," ಎಂದ ಸತುರ್ನೀನೊ, ಮೆಲ್ಲಗೆ. "ಅವನು ನೋಡ್ತಿದಾನೆ."