ಬೀಜಾಡಿಯಲ್ಲಿ ಕೆಡುತ್ತಿದ್ದ ಶ್ರುತಿ

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ನಾನಾಗ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ, ಮನೆ ಸಾಲಿಗ್ರಾಮದಲ್ಲಿ. ನನ್ನ ಸ್ನೇಹಿತ ಕಡಲ ದಂಡೆಯ ಬೀಜಾಡಿಯ ಮೀನುಗಾರರ ಮನೆಯವನು; ದೋಣಿಗಳ ವೈರ್‌ಲೆಸ್ ಸೆಟ್ಟು ರಿಪೇರಿ ಅವನ ಕಸುಬು. ಅವನ ಅಮ್ಮ ಹಾಡುತ್ತಿದ್ದ ಭಜನಾ ಮಂದಿರದ ಹಾರ್ಮೋನಿಯಂ ಉಪ್ಪುಗಾಳಿಗೆ ಕೆಟ್ಟು ಕೂತಿತ್ತು. ಅವನ ಹಳೆಯ ಕಂಪ್ಯೂಟರಿನಿಂದ ಶ್ರುತಿ ಹೊರಡಿಸೋಣ ಎಂದು ನಾವಿಬ್ಬರು ಹೊರಟೆವು.

ಕಂಪ್ಯೂಟರಿನೊಳಗೆ ಇರುವುದು ಬರೀ ಅಂಕಿ. ಸ್ಪೀಕರಿಗೆ ಬೇಕಾದದ್ದು ನಯವಾಗಿ ಏರಿಳಿಯುವ ವೋಲ್ಟೇಜು. ಒಂದನ್ನು ಇನ್ನೊಂದು ಮಾಡಿಕೊಡುವುದು ಡಿಎಸಿ. ಪ್ರಿಂಟರ್ ಪೋರ್ಟಿನ ಎಂಟು ತಂತಿಗಳಿಗೆ ರೆಸಿಸ್ಟರುಗಳನ್ನು ಏಣಿಯಂತೆ ಜೋಡಿಸಿ ಅವನೇ ಬೆಸುಗೆ ಹಾಕಿದ. ವೋಲ್ಟೇಜಿನಲ್ಲಿ ಒಂದೊಂದು ತಂತಿಗೂ ಹಿಂದಿನದರ ಇಮ್ಮಡಿ ಪಾಲು. ಪ್ರೋಗ್ರಾಮು ನಾನು ಬರೆದೆ.

ಮೊದಲ ಸಲ ಹಚ್ಚಿದಾಗ ಅವನ ಅಮ್ಮ ಒಳಗಿನಿಂದಲೇ ಕೂಗಿದರು: "ಹ್ವಾಯ್, ಎಂತದ್ ಅದ್? ಶ್ರುತಿಯಾ, ಮೀನ್ ಲಾರಿ ಹಾರ್ನಾ?"

ಒಂದೊಂದೇ ಅಂಕಿ ಕಳಿಸಿ ಮೀಟರ್ ಹಿಡಿದೆವು. ವೋಲ್ಟೇಜು ಮೆಟ್ಟಿಲು ಹತ್ತುವ ಹಾಗೆ ಏರುತ್ತಿತ್ತು. ಅರ್ಧಕ್ಕೆ ಬಂದು, ಎಲ್ಲಕ್ಕಿಂತ ದೊಡ್ಡ ಪಾಲಿನ ತಂತಿ ಕೆಲಸಕ್ಕೆ ಇಳಿದ ಕೂಡಲೇ, ಏರುವ ಬದಲು ಧಡಕ್ಕನೆ ಜಾರಿತು. ಆ ತಂತಿಯ ರೆಸಿಸ್ಟರ್ ಬದಲಿಸಿದ. ಹಾಗೇ ಜಾರಿತು. ತಂತಿಯನ್ನು ಏಣಿಯಿಂದ ಬಿಡಿಸಿ ಅಳೆದರೆ ಸರಿಯಾಗಿ ಐದು ವೋಲ್ಟು. ಮತ್ತೆ ಬೆಸೆದರೆ ಮೂರೂಕಾಲು. ಬಿಡಿಸಿದರೆ ಸರಿ, ಕೂಡಿಸಿದರೆ ತಪ್ಪು! ಇಬ್ಬರೂ ಮೀಟರಿನ ಮುಖ ನೋಡುತ್ತ ಕೂತೆವು.

"ನಿನ್ ಪ್ರೋಗ್ರಾಮೇ ಸಮ ಇಲ್ಲ ಕಾಣ್" ಎಂದ.

"ಪ್ರೋಗ್ರಾಮ್ ಎಂತ ಮಾಡತ್ತ್ ಮಾರಾಯ? ನಿನ್ ಬೆಸುಗೆ ಕಾಣ್."

ಅವನು ಮೀಟರನ್ನು ಅತ್ತ ತಳ್ಳಿದ. ನನಗೂ ಸಿಟ್ಟು. ಏಣಿಯ ಬೋರ್ಡನ್ನೂ ಅದನ್ನು ಪೋರ್ಟಿಗೆ ಸಿಕ್ಕಿಸುವ ಕೇಬಲನ್ನೂ ಚೀಲಕ್ಕೆ ತುಂಬಿ ಬಸ್ಸು ಹತ್ತಿದೆ. ಮನೆಯಲ್ಲಿ ನನ್ನ ಕಂಪ್ಯೂಟರಿಗೆ ಸಿಕ್ಕಿಸಿದರೆ, ತಂಬೂರಿಯಂಥ ಸ್ವಚ್ಛ ದನಿ. ಖುಷಿಯಲ್ಲಿ ಫೋನು ಮಾಡಿದೆ. ಆ ಕಡೆಯಿಂದ "ಹಾಂಗಾರೆ ನನ್ ಕಂಪ್ಯೂಟರೇ ಹಾಳಾ?" ಎಂದ. ಅವನ ದನಿ ಕೇಳಿದ ಮೇಲೆ ಫೋನು ಮಾಡಬಾರದಿತ್ತು ಅನ್ನಿಸಿತು.

ಭಾನುವಾರ ಬೀಜಾಡಿಗೆ ತಂದು ಹಚ್ಚಿದೆವು. ಮತ್ತೆ ಅದೇ ಹಾರ್ನು. ಅಷ್ಟರಲ್ಲಿ ಅವನು ಪೋರ್ಟಿನ ಕಾರ್ಡನ್ನೇ ಬದಲಿಸಿಬಿಟ್ಟಿದ್ದ. ಪ್ರೋಗ್ರಾಮು ಸರಿ, ಬೆಸುಗೆ ಸರಿ, ಕಾರ್ಡು ಹೊಸದು. ಇನ್ನೇನು ಉಳಿಯಿತು? ಕಡಲ ದಂಡೆಯಲ್ಲಿ ಅಂಕಿಗಳೇ ಬೇರೆಯಾಗುತ್ತವೆಯೇ ಎಂದು ಗಣಿತದ ಮೇಷ್ಟ್ರಾದ ನಾನೇ ಒಂದು ಕ್ಷಣ ಯೋಚಿಸಿದೆ.

ಕೊನೆಗೆ ಬೇರೇನೂ ತೋಚದೆ ತನ್ನ ಪ್ರಿಂಟರಿನ ಕೇಬಲ್ ಬಿಚ್ಚಿ ತಂದು ಹಾಕಿದ. ದನಿ ತಿಳಿಯಾಯಿತು. ಹಳೆಯ ಕೇಬಲಿನ ತಲೆ ಒಡೆದು ನೋಡಿದರೆ ಆ ದೊಡ್ಡ ಪಾಲಿನ ತಂತಿಯ ಪಿನ್ನಿನ ಬುಡ ಪಾಚಿಯಂತೆ ಹಸಿರುಗಟ್ಟಿತ್ತು. ಮೀಟರು ಎಳೆಯುವ ಒಂದಿಷ್ಟೇ ಕರೆಂಟು ಆ ಕಿಲುಬಿನಲ್ಲಿ ನುಸುಳುತ್ತಿತ್ತು. ಏಣಿಗೆ ಬೇಕಾದಷ್ಟು ಬರುತ್ತಿರಲಿಲ್ಲ.

"ಅಲ್ದಾ, ಇದೇ ಕೇಬಲ್ ನಿಮ್ಮನೇಲಿ ಹ್ಯಾಂಗ್ ಸಮ ಇದ್ದಿತ್?" ಎಂದು ಅವನು ಕೇಳಿದ.

ಬಸ್ಸಿನ ಕುಲುಕಾಟಕ್ಕೆ ಪಿನ್ನು ಸ್ವಲ್ಪ ಕೂತಿರಬೇಕು ಎಂದೆ. ಹೋಗುವಾಗ ಕುಲುಕಿ ಕೂತದ್ದು ಬರುವಾಗ ಕುಲುಕಿ ಎದ್ದಿತೇ ಎಂದು ಕೇಳಿದ. ನಮ್ಮ ಮನೆಯ ಗಾಳಿ ಒಣ ಎಂದು ಅವನ ವಾದ. ಅದನ್ನು ನಾನು ಒಪ್ಪಲಿಲ್ಲ. ನಮ್ಮೂರಿಗೂ ಕಡಲು ದೂರವಿಲ್ಲ; ನಮ್ಮದೇನು ಘಟ್ಟದ ಮೇಲಿನ ಮನೆಯೇ?

ಮುಂದಿನ ಶನಿವಾರ ಸಂಜೆ ಕಂಪ್ಯೂಟರನ್ನು ಮಂದಿರಕ್ಕೆ ಒಯ್ದು ಶ್ರುತಿ ಹಚ್ಚಿದೆವು. ಅವನ ಅಮ್ಮ ಒಂದು ಗಳಿಗೆ ಕಿವಿಗೊಟ್ಟು, ತಲೆಯಾಡಿಸಿ, ಹಾಡಲು ಶುರುಮಾಡಿದರು. ಹಿಂದೆ ಗೋಡೆಗೆ ಒರಗಿ ನಾವಿಬ್ಬರೂ ಪಿನ್ನಿನ ವಿಷಯ ಪಿಸುಗುಡುತ್ತಲೇ ಇದ್ದೆವು. ತಾಳ ಹಿಡಿದಿದ್ದ ಹೆಂಗಸೊಬ್ಬರು ತಿರುಗಿ ಕಣ್ಣು ಕೆಕ್ಕರಿಸಿದ ಮೇಲೆ ಬಾಯಿ ಮುಚ್ಚಿದೆವು.